ಒತ್ತಿದ ಗುಂಡಿ ಬಿಡದ ಜಟ್ಟು

ಬಲೆ ಹೊಲಿಯುವ ಕೈ ಹೊಲಿಯುತ್ತಾ ಇರಲಿ, ಕಿವಿ ಮಾತ್ರ ಇತ್ತ ಕೊಡಿ. ನಡುವೆ ಯಾರೂ ಬಾಯಿ ಹಾಕಬೇಡಿ. ಯಾಕೆ ಹಾಕಬಾರದು ಅನ್ನೋದು ಕತೆಯಲ್ಲೇ ಬರ್ತದೆ.

ದೊಡ್ಡಬೇಲೆಯ ಕಡಲ ದಂಡೆಯಲ್ಲಿ ಮಾದೇವಿ ಅಂತ ಒಬ್ಬಳಿದ್ದಳು. ಅವಳಿಗೆ ಒಬ್ಬನೇ ಮಗ, ಜಟ್ಟು. ವಯಸ್ಸು ಮೂವತ್ತು. ಮೈಯಲ್ಲಿ ಬೋಟಿನ ಇಬ್ಬರು ಖಲಾಸಿಗಳ ಬಲ, ತಲೆಯಲ್ಲಿ ಮಾತ್ರ ಅರ್ಧ ಖಲಾಸಿಯದ್ದೂ ಇಲ್ಲ. "ಮೀನು ಒಣಗಿಸಿದ್ದೇನೆ, ಬಾಗಿಲು ನೋಡ್ಕೋ" ಅಂತ ಹೇಳಿ ಪೇಟೆಗೆ ಹೋದರೆ, ಬಾಗಿಲನ್ನೇ ನೋಡ್ತಾ ಕೂತಿದ್ದ. ಬೆಕ್ಕು ಹಿತ್ತಲ ಕಡೆಯಿಂದ ಬಂದು ಬುಟ್ಟಿ ಖಾಲಿ ಮಾಡಿತು. "ಏನೋ ಇದು!" ಅಂದರೆ, "ನೀನು ಹೇಳಿದ ಹಾಗೇ ಮಾಡಿದೆ ಅಮ್ಮಾ! ಬಾಗಿಲಿಗೆ ಏನೂ ಆಗಿಲ್ಲ, ನೋಡು!"

ಮಾದೇವಿ ಹಣೆ ಹಣೆ ಬಡಿದುಕೊಂಡಳು. ಅವಳ ಹಣೆ ಸವೆದದ್ದೇ ಈ ಮಗನಿಂದ.

ಆದರೆ ಮಗನೊಬ್ಬನನ್ನೇ ಬೈದು ಏನು ಮಾಡೋದು? ಹೇಳಿದ್ದನ್ನ ಹೇಳಿದ ಹಾಗೇ ಹಿಡಿಯೋದು ಆ ಮನೆಯ ಗಂಡಸರಿಗೆಲ್ಲ ಉಂಟು. ಗಂಡ ಈರಪ್ಪ, ಮೂವತ್ತೈದು ವರ್ಷ ಬೋಟಿಗೆ ಹೋದವ, ಒಂದು ದಿನ ಊಟಕ್ಕೆ ಕೂತು, "ಎಂತ ಸಾರೇ ಇದು? ಉಪ್ಪೇ ಇಲ್ಲ! ತಿಂಗಳಿಂದ ಇದೇ ಕತೆ!" ಅಂದ. ಮಾದೇವಿಗೂ ರೇಗಿತು. "ಅಷ್ಟು ಉಪ್ಪು ಬೇಕಿದ್ರೆ ಸಮುದ್ರದಲ್ಲೇ ಇರಿ! ಅಲ್ಲಿ ಬೇಕಾದಷ್ಟು ಉಂಟು!" ಅಂದುಬಿಟ್ಟಳು.

ಈರಪ್ಪ ಕೈ ತೊಳೆದ. ಎದ್ದ. ಹೋದ. ಸಮುದ್ರದಲ್ಲೇ ಇದ್ದ.

ಒಂದು ವಾರ ಆಯ್ತು, ಎರಡು ವಾರ ಆಯ್ತು, ತಿಂಗಳು ದಾಟಿತು. ಬೋಟು ಮೀನು ಇಳಿಸೋಕೆ ತೆಂಕಣ ಬಂದರಿಗೆ ಹೋಗ್ತದೆ, ಮತ್ತೆ ಕಡಲಿಗೆ ಹೋಗ್ತದೆ. ಮನೆಗೆ ಮಾತ್ರ ಅವನ ಸುಳಿವಿಲ್ಲ. ಫೋನು ಸಿಟ್ಟಲ್ಲಿ ಗೋಡೆಯ ಗೂಡಿನಲ್ಲೇ ಬಿಟ್ಟು ಹೋಗಿದ್ದ. ಮಾದೇವಿ ಸಂಜೆ ಸಂಜೆ ದಂಡೆಗೆ ಹೋಗಿ ನಿಲ್ಲುವಳು, ಬೋಟುಗಳನ್ನ ಎಣಿಸುವಳು, ವಾಪಸ್ಸು ಬರುವಳು. ಅಷ್ಟರಲ್ಲಿ ಬಂದರಿನಿಂದ ಸುದ್ದಿ ಬಂತು: ಹುಣ್ಣಿಮೆಯ ಬೆಳಿಗ್ಗೆ ಬೋಟು ಬಡಗು ಸಮುದ್ರಕ್ಕೆ ಹೋಗ್ತದಂತೆ, ಇನ್ನು ಮಳೆಗಾಲದವರೆಗೆ ಇತ್ತ ಬರೋದಿಲ್ಲವಂತೆ, ಈರಪ್ಪನೂ ಹೋಗೋದಂತೆ. ಹುಣ್ಣಿಮೆಗೆ ಉಳಿದದ್ದು ಐದೇ ದಿನ.

ಮಾದೇವಿಯ ಎದೆ ಒಡೆಯಿತು. ಹೇಗಾದರೂ ಒಂದು ಮಾತು ಮುಟ್ಟಿಸಬೇಕಲ್ಲ! ಬೋಟಿನಲ್ಲಿ ವಾಯರ್‌ಲೆಸ್ ಸೆಟ್ಟು ಉಂಟು. ಮೀನುಗಾರರ ಸಂಘದ ಕೋಣೆಯಿಂದ ಕೂಗಿಸಬಹುದಿತ್ತು. ಆದರೆ ಹತ್ತು ಜನರ ಎದುರು, "ಮನೆಗೆ ಬನ್ನಿ" ಅಂತ ಗಂಡನನ್ನ ಹೇಗೆ ಕರೆಯೋದು? ನಾಚಿಕೆ ಆಗೋದಿಲ್ವಾ? ಯೋಚನೆ ಮಾಡಿ ಮಾಡಿ ಒಂದು ಮಾತು ಕಂಡುಕೊಂಡಳು. "ಉಪ್ಪು ಹಾಕಿದ್ದೇನೆ." ಇಷ್ಟೇ. ಕೇಳಿದವರಿಗೆ ಏನೂ ತಿಳಿಯೋದಿಲ್ಲ. ಅವನಿಗೆ ಎಲ್ಲಾ ತಿಳೀತದೆ.

"ಜಟ್ಟೂ, ಇಲ್ಲಿ ಬಾ. ಬಾಬಣ್ಣನ ಅಂಗಡಿಗೆ ಹೋಗು. ಒಂದು ಸೆಟ್ಟು ಕೇಳಿ ತಾ. ಚಂದದ್ದು ಬೇಡ. ಎಲ್ಲಕ್ಕಿಂತ ದೂರ ಮಾತಾಡೋದು ಯಾವುದೋ ಅದನ್ನ ತಾ!"

ಬಾಬಣ್ಣ ಬಂದರಿನ ದಾರಿಯಲ್ಲಿ ಸೆಟ್ಟು ರಿಪೇರಿ ಮಾಡುವವ. ಜಟ್ಟು ಹೋಗಿ ಕೇಳಿದ. "ಬಾಬಣ್ಣಾ, ಎಲ್ಲಕ್ಕಿಂತ ದೂರ ಮಾತಾಡೋದು ಯಾವುದು?"

"ಇದೇ ಮಾರಾಯಾ!" ಬಾಬಣ್ಣ ಮೇಜಿನ ಮೇಲಿನ ದೊಡ್ಡ ಪೆಟ್ಟಿಗೆ ತಟ್ಟಿದ. "ನಿನ್ನೆ ಜಪಾನಿನವನ ಹತ್ರ ಮಾತಾಡಿದೆ. ಅವರಲ್ಲಿ ಹಿಮ ಬೀಳ್ತಾ ಉಂಟಂತೆ!" ಅಂತ ಹೇಳಿ ಚಾ ಕುಡಿಯೋಕೆ ಹೋದ. ಬಂದು ನೋಡಿದರೆ ಮೇಜು ಉಂಟು, ಪೆಟ್ಟಿಗೆ ಇಲ್ಲ. ವಯರುಗಳು ದಾರಿಯುದ್ದಕ್ಕೂ ಎಳೆದುಕೊಂಡು ಹೋದ ಗುರುತು ಮಾತ್ರ ಉಂಟು.

ಆ ಗುರುತು ಹಿಡಿದೇ ಬಾಬಣ್ಣ ಓಡಿ ಬಂದ. "ಅಯ್ಯೋ ಮಾದೇವಕ್ಕಾ! ಇದು ನನ್ನ ಹ್ಯಾಮ್ ಸೆಟ್ಟು! ಪರೀಕ್ಷೆ ಬರೆದು ಲೈಸೆನ್ಸು ತಗೊಂಡವರು, ಲೈಸೆನ್ಸು ಇದ್ದವರ ಜೊತೆ ಮಾತ್ರ ಮಾತಾಡೋದು! ಜಪಾನಿಗೆ ಕೇಳ್ತದೆ, ಆದರೆ ಹತ್ತು ಮೈಲಿ ಆಚೆಯ ಈರಪ್ಪಣ್ಣನ ಬೋಟಿಗೆ ಕೇಳೋದಿಲ್ಲ!"

"ಜಪಾನು ಕಟ್ಟಿಕೊಂಡು ನಾನೆಂತ ಮಾಡ್ಲಿ ಬಾಬಣ್ಣಾ," ಅಂದಳು ಮಾದೇವಿ. "ನನಗೆ ಹತ್ತು ಮೈಲಿ ಸಾಕು."

"ನೀನು ಹೇಳಿದ ಹಾಗೇ ಮಾಡಿದೆ ಅಮ್ಮಾ!"

"ಪೆದ್ದು ಮುಂಡೇದೇ! ಅಷ್ಟು ದೂರದ್ದು ಯಾರಿಗೆ ಬೇಕು? ಹತ್ತಿರದ್ದು ಸಾಕು ಕಣೋ, ಹತ್ತಿರದ್ದು!"

ಸರಿ. ಹುಣ್ಣಿಮೆಗೆ ನಾಲ್ಕು ದಿನ. ಜಟ್ಟು ಮತ್ತೆ ಹೋದ. "ಬಾಬಣ್ಣಾ, ಎಲ್ಲಕ್ಕಿಂತ ಹತ್ತಿರ ಮಾತಾಡೋದು ಯಾವುದು?" ಬಾಬಣ್ಣ ರಿಪೇರಿಗೆ ತಲೆ ತಗ್ಗಿಸಿದ್ದ, ಕೈ ತೋರಿಸಿದ. ಮದುವೆ ಚಪ್ಪರದಲ್ಲಿ ಅಡಿಗೆಯವರೂ ಬಡಿಸುವವರೂ ಕೈಯಲ್ಲಿ ಹಿಡ್ಕೊಳ್ತಾರಲ್ಲ, ಅಂಗೈಯಷ್ಟು ದೊಡ್ಡ ಜೋಡಿ ಸೆಟ್ಟು, ಅದು. ಅದಕ್ಕೆ ಲೈಸೆನ್ಸು ಬೇಡ, ಪರೀಕ್ಷೆ ಬೇಡ. ಹಿತ್ತಲಿಂದ ಅಂಗಳಕ್ಕೆ ಚೆನ್ನಾಗಿ ಕೇಳ್ತದೆ, ಊರು ದಾಟೋದಿಲ್ಲ.

ಜಟ್ಟು ಒಂದನ್ನ ಒಲೆಯ ಪಕ್ಕ ಇಟ್ಟ. "ಸೆಟ್ಟು ತಂದಿದ್ದೇನೆ ಅಮ್ಮಾ!" ಅಂದ, ಇನ್ನೊಂದನ್ನ ಹಿಡಿದು ಬಾವಿಯ ಹತ್ತಿರ ಓಡಿದ. ಮಾದೇವಿ ಸೆರಗಿನಲ್ಲಿ ಕೈ ಒರೆಸಿಕೊಂಡಳು, ಸೆಟ್ಟನ್ನ ಕೈಗೆತ್ತಿಕೊಂಡಳು. ಗರಗರ ಸದ್ದು ಬಂತು. ಸದ್ದಿನ ನಡುವೆ ಒಂದು ಗಂಡು ದನಿ, "ಹಲೋ."

ಮಾದೇವಿ ಸೆಟ್ಟನ್ನ ಕಿವಿಗೆ ಒತ್ತಿಕೊಂಡಳು. "ನೀವಾ?" ಅಂದಳು. "ಎಲ್ಲಿದ್ದೀರಿ? ಹುಷಾರುಂಟಲ್ಲ?"

"ಹುಷಾರುಂಟು. ಬಾವಿ ಹತ್ರ ಇದ್ದೇನೆ."

"ಬಾವಿ ಹತ್ರವಾ? ಬಂದ್ರಾ? ಬಂದೇ ಬಿಟ್ರಾ?" ಅಂತ ಸೆರಗು ಸರಿ ಮಾಡಿಕೊಳ್ತಾ ಓಡಿದಳು. ಬಾವಿ ಕಟ್ಟೆಯ ಮೇಲೆ ಜಟ್ಟು ಹಲ್ಲು ಕಿರಿದುಕೊಂಡು ಕೂತಿದ್ದ. "ಎಷ್ಟು ಚೆನ್ನಾಗಿ ಕೇಳ್ತದಲ್ಲಮ್ಮಾ! ಹತ್ತಿರದ್ದು!"

ಮಾದೇವಿ ಸೆಟ್ಟನ್ನ ಕಟ್ಟೆಯ ಮೇಲೆ ಕುಕ್ಕಿದಳು. "ನಿನ್ನ ಹತ್ರ ಮಾತಾಡೋಕೆ ನನಗೆ ಸೆಟ್ಟು ಬೇಕೇನೋ! ದೂರದ್ದೂ ಬೇಡ, ಹತ್ತಿರದ್ದೂ ಬೇಡ! ಅಪ್ಪನ ಬೋಟಲ್ಲಿ ಯಾವ ಜಾತಿಯದ್ದು ಉಂಟೋ ಅದೇ ಜಾತಿಯದ್ದು ಬೇಕು, ಅದೇ ಚಾನೆಲ್ಲು ಬೇಕು! ಹೇಗೆ ಮಾತಾಡೋದು ಅಂತ ಬಾಬಣ್ಣನ್ನ ಕೇಳು. ಅವ ಹೇಳಿದ ಹಾಗೆ ಮಾಡು!"

ಹುಣ್ಣಿಮೆಗೆ ಮೂರು ದಿನ. ಬಾಬಣ್ಣನಿಗೂ ಪಾಪ ಅನ್ನಿಸಿತು. ಸಂಘದ ಲೈಸೆನ್ಸಿನ ಮೇಲೆ ಇದ್ದ ಹಳೇ ಬೋಟಿನ ಸೆಟ್ಟೊಂದನ್ನ ಬ್ಯಾಟರಿ ಸಮೇತ ಕೊಟ್ಟ. ಸುರುಳಿ ವಯರಿನ ಮೈಕು, ಮೈಕಿನ ಪಕ್ಕದಲ್ಲೊಂದು ಗುಂಡಿ. ಎಪ್ಪತ್ತೆರಡನೇ ಚಾನೆಲ್ಲಿಗೆ ತಿರುಗಿಸಿ, ತಿರುಗಣೆಯ ಮೇಲೆ ಅಂಟುಪಟ್ಟಿ ಹಚ್ಚಿದ. "ಕೇಳು ಜಟ್ಟು. ತಗ್ಗಲ್ಲಿ ನಿಂತ್ರೆ ಮಾತು ಹೋಗೋದಿಲ್ಲ, ಗುಡ್ಡ ಹತ್ತು. ಮೊದಲು ಕೇಳು, ಆಮೇಲೆ ಹೇಳು. ಒಂದು ಚಾನೆಲ್ಲಲ್ಲಿ ಒಬ್ಬರೇ ಮಾತಾಡೋದು. ಬೇರೆಯವರು ಮಾತಾಡ್ತಿದ್ರೆ ನಡುವೆ ಬಾಯಿ ಹಾಕಬೇಡ. 'ಓವರ್' ಅಂದ್ರೆ ಅವರದ್ದು ಮುಗೀತು, ನಿನ್ನದು ಶುರು. ಗೊತ್ತಾಯ್ತಾ?"

"ಗೊತ್ತಾಯ್ತು!"

ಬ್ಯಾಟರಿ ತಲೆಯ ಮೇಲೆ, ಸೆಟ್ಟು ಕಂಕುಳಲ್ಲಿ, ಜಟ್ಟು ಗುಡ್ಡ ಹತ್ತಿದ. ಬೆಳಿಗ್ಗೆ ಹತ್ತಿದವ ಸಂಜೆ ಇಳಿದ. ಮಾದೇವಿ ಬಾಗಿಲಲ್ಲೇ ನಿಂತಿದ್ದಳು.

"ಕೇಳ್ತಾ ಜಟ್ಟೂ?"

"ಕೇಳ್ತು ಅಮ್ಮಾ! ಅಪ್ಪನ ದನಿ!"

"ಕೇಳ್ತಾ! ಎಂತ ಹೇಳಿದ್ರು? ದನಿ ಹೇಗಿತ್ತು? ಸೊರಗಿತ್ತಾ?"

"ಬಂಗುಡೆ ಸಿಕ್ಕಿದೆ ಅಂತ ಇನ್ನೊಂದು ಬೋಟಿಗೆ ಹೇಳಿದರು. ಆಮೇಲೆ ಕೆಮ್ಮಿದರು."

"ಕೆಮ್ಮಿದ್ರಾ? ಎಷ್ಟು ಸಲ?"

"ಮೂರು ಸಲ. ಓವರ್ ಅನ್ನಲಿಲ್ಲ."

"ನೀನೆಂತ ಹೇಳ್ದೆ?"

"ಏನೂ ಹೇಳಲಿಲ್ಲ! ಯಾರಾದ್ರೂ ಒಬ್ಬರು ಮಾತಾಡ್ತಾನೇ ಇದ್ದರು. ನಡುವೆ ಬಾಯಿ ಹಾಕಬಾರದು. ನಾನು ಬಾಯಿ ಮುಚ್ಚಿಕೊಂಡು ಕೇಳ್ದೆ, ಬಾಬಣ್ಣ ಹೇಳಿದ ಹಾಗೇ!"

ಮೂರು ಸಲ ಕೆಮ್ಮಿದರಂತೆ! ಮಾದೇವಿಗೆ ಮಗನ ಮೇಲೆ ಹೊಟ್ಟೆಕಿಚ್ಚಾಯ್ತು. ಇಡೀ ದಿನ ಅವ ಆ ದನಿ ಕೇಳಿದ, ತನಗೆ ಒಂದು ಕೆಮ್ಮೂ ಕೇಳಲಿಲ್ಲ. "ಅಯ್ಯೋ ನನ್ನ ಕರ್ಮವೇ! ಬಾಯಿ ಬಿಡೋ! ಒಂದು ಚೂರು ಜಾಗ ಸಿಕ್ಕಿದ ಕೂಡಲೇ ಗುಂಡಿ ಒತ್ತು, 'ಉಪ್ಪು ಹಾಕಿದ್ದೇನೆ' ಅನ್ನು! ಮೊದಲು ಒತ್ತು, ಆಮೇಲೆ ಹೇಳು! ತಿಳೀತಾ?"

ಹುಣ್ಣಿಮೆಗೆ ಎರಡು ದಿನ. ಜಟ್ಟು ಮತ್ತೆ ಗುಡ್ಡ ಹತ್ತಿದ. ಯಾರೋ 'ಓವರ್' ಅಂದರು. ಜಟ್ಟು ಮೊದಲು ಗುಂಡಿ ಒತ್ತಿದ, ಟಕ್! ಬಿಟ್ಟ. ಮೈಕನ್ನ ನೆಲದ ಮೇಲಿಟ್ಟ. ಆಮೇಲೆ ಎದ್ದು ನಿಂತು ಕಡಲಿನ ಕಡೆ ಮುಖ ಮಾಡಿ ಗಂಟಲು ಹರಿಯೋ ಹಾಗೆ ಕೂಗಿದ, "ಉಪ್ಪು ಹಾಕಿದ್ದೇನೇಏಏ!"

ಕಡಲಿಗೆ ಕೇಳಲಿಲ್ಲ, ಕೇರಿಗೆ ಕೇಳಿತು. ಮೀನು ಒಣಗಿಸುವ ಹೆಂಗಸರೆಲ್ಲ ಬುಟ್ಟಿ ಬಿಟ್ಟು ಬಂದರು. "ಯಾರ ಮೀನಿಗೆ ಉಪ್ಪು ಹಾಕಿದ್ಯೋ? ನನ್ನದಕ್ಕಾ? ನನ್ನದಕ್ಕೆ ನಾನು ಆಗಲೇ ಹಾಕಿದ್ದೇನಲ್ಲೋ!" ಜಗಳವೋ ಜಗಳ. ಅವರನ್ನ ಸಮಾಧಾನ ಮಾಡುವಷ್ಟರಲ್ಲಿ ಮಾದೇವಿಗೆ ಸಾಕು ಸಾಕಾಯ್ತು.

"ಒತ್ತಿ ಬಿಟ್ಟು ಹೇಳಿದ್ರೆ ಯಾರಿಗೆ ಕೇಳ್ತದೋ! ಒತ್ತಿ ಹಿಡಿದುಕೊಂಡೇ ಹೇಳಬೇಕಂತೆ! ನಿನ್ನಿಂದ ಆಗೋದಿಲ್ಲ, ನಾಳೆ ನಾನೇ ಮಾತಾಡ್ತೇನೆ. ನಾಚಿಕೆ ಇದ್ರೂ ಸರಿ, ಬಿಟ್ರೂ ಸರಿ. ಸೆಟ್ಟು ಮನೆಯಲ್ಲೇ ಹೂಡು. ಗುಂಡಿ ನೀನೇ ಒತ್ತು. ಒತ್ತಿದ್ದನ್ನ ಬಿಡಬೇಡ! ನಾನು 'ಬಿಡು' ಅನ್ನೋವರೆಗೂ ಬಿಡಬೇಡ!"

ಬಂತಲ್ಲ, ಕೊನೆಯ ದಿನ. ಮಾರನೇ ಬೆಳಿಗ್ಗೆ ಬೋಟು ಬಡಗಿಗೆ. ಗುಡ್ಡದ ಎತ್ತರ ಬೇಕಲ್ಲ, ಜಟ್ಟು ತೆಂಗಿನಮರ ಹತ್ತಿ ತುದಿಗೆ ಏರಿಯಲ್ ವಯರು ಕಟ್ಟಿದ, ಸೆಟ್ಟನ್ನ ಜಗಲಿಯ ಮೇಲಿಟ್ಟ, ಮೈಕನ್ನ ಅಡಿಗೆಮನೆ ಕಿಟಕಿಯಿಂದ ಒಳಗೆ ಇಳಿಬಿಟ್ಟ. ಗುಂಡಿ ಒತ್ತಿದ. ಎಷ್ಟು ಹೊತ್ತು ಒತ್ತೋದು? ಅಮ್ಮ 'ಬಿಡು' ಅನ್ನೋವರೆಗೆ! ಬೆರಳು ನೋಯ್ತದಲ್ಲ! ಬಲೆಯ ದಾರ ತಂದ, ಗುಂಡಿಯ ಸುತ್ತ ಏಳು ಸುತ್ತು ಸುತ್ತಿದ, ಅಪ್ಪ ಕಲಿಸಿದ ಗಂಟು ಹಾಕಿದ. ತಿಮಿಂಗಿಲ ಎಳೆದರೂ ಬಿಚ್ಚೋದಿಲ್ಲ ಆ ಗಂಟು. ಹಾಕಿ, ಜಗಲಿಗೆ ಹೋಗಿ ಕೂತ.

ದಾರ ಕಂಡು ಮಾದೇವಿ, ನೇತು ಹಾಕೋಕೆ ಕಟ್ಟಿರಬೇಕು, ಗುಂಡಿಯನ್ನ ಜಗಲಿಯಲ್ಲಿ ಸೆಟ್ಟಿನ ಹತ್ತಿರ ಕೂತು ಜಟ್ಟು ಒತ್ತಿರಬೇಕು ಅಂದುಕೊಂಡಳು. ಮೈಕಿನ ಹತ್ತಿರ ಬಂದು ಮೆಲ್ಲಗೆ ಹೇಳಿದಳು. "ಉಪ್ಪು ಹಾಕಿದ್ದೇನೆ."

ಕಾದಳು. ಸದ್ದಿಲ್ಲ. ಒಂದು ಗರಗರವೂ ಇಲ್ಲ.

"ಉಪ್ಪು ಹಾಕಿದ್ದೇನೆ, ಕೇಳ್ತಾ?"

ಸದ್ದಿಲ್ಲ. ಹೇಗೆ ಬರಬೇಕು ಸದ್ದು? ಗುಂಡಿ ಒತ್ತಿರುವಷ್ಟು ಹೊತ್ತು ನಮ್ಮ ಮಾತು ಹೋಗ್ತದೆ, ಅವರದ್ದು ಬರೋದಿಲ್ಲ. ಅದು ನಿಮಗೆ ಗೊತ್ತು, ನನಗೆ ಗೊತ್ತು. ಮಾದೇವಿಗೆ ಗೊತ್ತಿಲ್ಲ. ಸೆಟ್ಟು ಸತ್ತಿದೆ ಅಂದುಕೊಂಡಳು. ಈಳಿಗೆ ಮಣೆ ಎಳೆದುಕೊಂಡು ಮೀನು ಕೊಯ್ಯೋಕೆ ಕೂತಳು. ಕೂತವಳು ಸತ್ತ ಸೆಟ್ಟಿನ ಹತ್ತಿರ ಮಾತಿಗೆ ಶುರು ಮಾಡಿದಳು.

"ಕೇಳದಿದ್ರೆ ಒಳ್ಳೇದೇ ಆಯ್ತು ಬಿಡಿ. ಕೇಳುವವರಿದ್ರೆ ನನ್ನ ಬಾಯಲ್ಲಿ ನೆಟ್ಟಗೆ ಒಂದು ಮಾತು ಬರೋದಿಲ್ಲ. ಅವತ್ತು ಬಂದದ್ದೂ ಸೊಟ್ಟ ಮಾತೇ. ಸಮುದ್ರದಲ್ಲೇ ಇರಿ ಅಂದ್ರೆ ಇದ್ದೇ ಬಿಡೋದಾ? ಸಿಟ್ಟಲ್ಲಿ ಅಂದದ್ದು ಅಂತ ಗೊತ್ತಾಗೋದಿಲ್ವಾ? ನಿಮ್ಮ ಪಂಚೆ ಒಗೆದು ಮಡಚಿಟ್ಟಿದ್ದೇನೆ. ದಿನಾ ಬಿಚ್ತೇನೆ, ಮತ್ತೆ ಮಡಚ್ತೇನೆ. ನಿಮ್ಮ ತಟ್ಟೆ ಯಾರೂ ಉಣ್ಣದಿದ್ರೂ ದಿನಾ ತೊಳೀತೇನೆ. ಉಪ್ಪಂತೆ ಉಪ್ಪು! ನಾನು ಬೇಕಂತಲೇ ಕಮ್ಮಿ ಹಾಕಿದ್ದು. ಆರೋಗ್ಯ ಕ್ಯಾಂಪಿನ ಡಾಕ್ಟ್ರು ನನ್ನನ್ನ ಬದಿಗೆ ಕರೆದು, ನಿಮ್ಮ ಯಜಮಾನ್ರಿಗೆ ಬೀಪಿ ಜಾಸ್ತಿ ಉಂಟು, ಉಪ್ಪು ಕಮ್ಮಿ ಮಾಡಿ ಅಂದ್ರು. ನಿಮಗೆ ಹೇಳಿದ್ರೆ ಹೆದರ್ತೀರಿ. ಕಡಲಲ್ಲಿ ಹೆದರಿದವನ ಕೈ ತಪ್ತದೆ. ಅದಕ್ಕೆ ಹೇಳಲಿಲ್ಲ. ಅಲ್ಲಿ ಬೋಟಲ್ಲಿ ಎಂತ ತಿಂತೀರೋ, ಎಷ್ಟು ಉಪ್ಪು ಸುರೀತಾರೋ. ಮೂರು ಸಲ ಕೆಮ್ಮಿದ್ರಂತೆ. ಒಂದ್ಸಲ ಬಂದು ಬೈದು ಹೋಗಿ, ಬೇಕಾದ್ರೆ. ನಿಮ್ಮ ಬೈಗಳಾದ್ರೂ ಮನೆಯಲ್ಲಿ ಕೇಳಲಿ. ಈ ಮನೆಯಲ್ಲಿ ನಾನೂ ಈ ಪೆದ್ದನೂ, ಅವ ನನ್ನ ಮುಖ ನೋಡೋದು, ನಾನು ಕಡಲು ನೋಡೋದು. ನಿಮ್ಮ ಬೋಟಿನ ಇಂಜಿನ್ ಸದ್ದು ನೂರು ಬೋಟಿನ ನಡುವೆಯೂ ನನಗೆ ಗೊತ್ತಾಗ್ತದೆ. ನಲವತ್ತು ದಿನ ಆಯ್ತು, ಕೇಳಿಲ್ಲ."

ಹೀಗೆ ಹೇಳಿದಳು, ಅತ್ತಳು, ಮೂಗು ಒರೆಸಿದಳು, ನಡುನಡುವೆ ಬೆಕ್ಕಿಗೆ ಬೈದಳು, ಮತ್ತೆ ಹೇಳಿದಳು. ಹೊತ್ತು ನೆತ್ತಿಗೆ ಬಂತು.

ಆಗ ಅಂಗಳದಲ್ಲಿ ದಡಬಡ ಸದ್ದು. ಪೇಟೆಗೆ ಹೋಗಿದ್ದ ಬಾಬಣ್ಣ ಆಗಷ್ಟೇ ಅಂಗಡಿ ತೆರೆದು ಸೆಟ್ಟು ಹಾಕಿದವ, ಚಪ್ಪಲಿಯನ್ನೂ ಮೆಟ್ಟದೆ ಓಡಿ ಬಂದಿದ್ದ. "ಗುಂಡಿ ಬಿಡೋ ಜಟ್ಟು! ಮೊದಲು ಗುಂಡಿ ಬಿಡು!"

"ಅಮ್ಮ 'ಬಿಡು' ಅನ್ನಲಿ!"

"ಮಾದೇವಕ್ಕಾ, ಬೆಳಗಿಂದ ನಿಮ್ಮ ಅಡಿಗೆಮನೆಯ ಮಾತು ಎಲ್ಲಾ ಬೋಟುಗಳಿಗೂ ಹೋಗ್ತಾ ಉಂಟು! ಬೇರೆ ಯಾರಿಗೂ ಉಸಿರೆತ್ತೋಕೆ ಜಾಗ ಇಲ್ಲ! ಯಾರಾದ್ರೂ ಮುಳುಗ್ತಿದ್ರೆ ಕೂಗೋಕೂ ಆಗ್ತಿರಲಿಲ್ಲ!" ಅಂತ ಬಾಬಣ್ಣ ಕತ್ತಿಯಿಂದ ದಾರ ಕತ್ತರಿಸಿದ. "ಕಟ್ಟಿದ್ದಾನೆ ನೋಡಿ, ಏಳು ಸುತ್ತು! ಅಲ್ವೋ, ಇಲ್ಲೇ ಇರೋ ಗುಂಡೀನ ಯಾರಾದ್ರೂ ಕಟ್ತಾರಾ? ಕಟ್ಟೋದಿದ್ರೆ ಬಿಟ್ಟು ಓಡಿಹೋಗುವಂಥದ್ದನ್ನ ಕಟ್ಟು!"

ದಾರ ಬಿಚ್ಚಿತು, ಸೆಟ್ಟಿಗೆ ಜೀವ ಬಂತು. "ಈರಪ್ಪಣ್ಣಾ, ಬೀಪಿ ಇಟ್ಕೊಂಡು ಬಡಗಿಗೆ ಎಂತಕ್ಕೆ ಮಾರಾಯಾ? ಮನೆಗೆ ನಡಿ! ಓವರ್!" "ಅಕ್ಕಾ, ಅಳಬೇಡಿ! ಓವರ್!" "ಬೆಕ್ಕು ಮೀನು ತಿಂತಾ? ಓವರ್!" ಹತ್ತು ಬೋಟು, ಇಪ್ಪತ್ತು ದನಿ. ಮಾದೇವಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮುಚ್ಚಿಕೊಂಡೇ ಕೇಳಿದಳು. ಅಷ್ಟು ದನಿಯಲ್ಲಿ ಒಂದು ದನಿ ಇರಲಿಲ್ಲ.

"ಎಲ್ಲರೂ ಕೇಳಿದ್ರು," ಅಂದಳು. "ಅವರೂ ಕೇಳಿರ್ತಾರೆ. ಕೇಳಿಯೂ ಮಾತಾಡಲಿಲ್ಲ."

ಸಂಜೆ ಆಯ್ತು. ಒಂದು ಇಂಜಿನ್ ಸದ್ದು. ಮಾದೇವಿ ಅಕ್ಕಿ ತೊಳೆಯುತ್ತಿದ್ದವಳು ಹಾಗೇ ಕೈ ನಿಲ್ಲಿಸಿದಳು. ಐಸು ತುಂಬಿಸೋ ನೆಪ ಹೇಳಿ ಬೋಟು ನಡೆಸುವ ತಾಂಡೇಲ ದೊಡ್ಡಬೇಲೆಗೇ ಬೋಟು ತಂದಿದ್ದ. ಸೊಂಟದವರೆಗೆ ಒದ್ದೆಯಾಗಿ ಈರಪ್ಪ ಅಂಗಳದಲ್ಲಿ ನಿಂತಿದ್ದ, ಸೊರಗಿದ್ದ. ಇವಳು ಮಾತಾಡಲಿಲ್ಲ, ಅವನೂ ಮಾತಾಡಲಿಲ್ಲ.

"ಯಾರಾದ್ರೂ ಓವರ್ ಅನ್ನಿ!" ಅಂದ ಜಟ್ಟು.

ಈರಪ್ಪ ಕಾಲು ತೊಳೆದು ಬಂದು ತಟ್ಟೆಯ ಮುಂದೆ ಕೂತ. ಸಾರು ಸಪ್ಪೆ. ಎರಡು ಸಲ ಬಡಿಸಿಕೊಂಡು ಉಂಡ. ಉಂಡು ಮುಗಿಸಿ ನೆಲ ನೋಡ್ತಾ ಹೇಳಿದ, "ಬೆಳಿಗ್ಗೆ ಬೋಟು ಹೊರಡ್ತದೆ. ಬಡಗಿಗೆ ಬರ್ತೇನೆ ಅಂತ ತಾಂಡೇಲನಿಗೆ ಮಾತು ಕೊಟ್ಟಿದ್ದೇನೆ. ಹೇಳಿದ ಮೇಲೆ ಹೋಗಬೇಕು."

ಹೇಳಿದೆನಲ್ಲ, ಆ ಮನೆಯ ಗಂಡಸರು ಹಾಗೇ. ಮಾದೇವಿ ಹೂಂ ಅಂದಳು. ಬೆಳಗಿಂದ ಊರೆಲ್ಲ ಕೇಳೋ ಹಾಗೆ ಮಾತಾಡಿದವಳಿಗೆ, ಗಂಡ ಎದುರಿಗೆ ಕೂತಾಗ 'ಹೋಗಬೇಡಿ' ಅನ್ನೋ ಒಂದು ಮಾತು ಬಾಯಿಗೆ ಬರಲಿಲ್ಲ. ಒಳಗೆ ಪಾತ್ರೆ ತೊಳೆಯುವಾಗ ಮಾತ್ರ ತನ್ನಷ್ಟಕ್ಕೆ ಗೊಣಗಿದಳು, "ಬಂದವರು ನಾಳೆ ಮತ್ತೆ ಬಿಟ್ಟು ಓಡ್ತಾರಲ್ಲ." ಅಷ್ಟೇ. ಪಾತ್ರೆ ಒರೆಸುತ್ತಿದ್ದ ಜಟ್ಟು ಕೇಳಿಸಿಕೊಂಡ.

ಬೆಳಗಾಯ್ತು. ಕಡಲ ಕಡೆಯಿಂದ ಬೋಟಿನ ಹಾರ್ನು ಕೂಗಿತು. ಜಗಲಿಯಲ್ಲಿ ಮಲಗಿದ್ದ ಈರಪ್ಪ ಎದ್ದ, ಗಂಟು ಹೆಗಲಿಗೇರಿಸಿದ, ಒಂದು ಹೆಜ್ಜೆ ಇಟ್ಟ, ಧೊಪ್ಪೆಂದು ಬಿದ್ದ. ನೋಡಿದರೆ ಕಾಲಿಗೆ ಬಲೆಯ ದಾರ, ಏಳು ಸುತ್ತು. ದಾರದ ಇನ್ನೊಂದು ತುದಿ ಜಗಲಿಯ ಕಂಬಕ್ಕೆ. ಕಂಬದ ಪಕ್ಕ ಜಟ್ಟು.

ಮಾದೇವಿ ಕತ್ತಿ ಹಿಡಿದುಕೊಂಡೇ ಓಡಿ ಬಂದಳು. "ಏನೋ ಇದು! ಅಪ್ಪನ್ನ ಯಾರಾದ್ರೂ..." ಅಂದಳು. ಅಂದವಳು ಅಷ್ಟಕ್ಕೇ ನಿಲ್ಲಿಸಿದಳು. ಮಗ ಹುಟ್ಟಿದಾಗಿಂದ ಮೊದಲ ಸಲ ಅವನಿಗೆ ಬೈಯಲಿಲ್ಲ. ಗಂಟು ನೋಡಿದಳು. ಗಂಡನ ಮುಖ ನೋಡಿದಳು. "ನೀವೇ ಬಿಚ್ಚಿಕೊಳ್ಳಿ," ಅಂದಳು.

ಈರಪ್ಪ ಬಗ್ಗಿ ಗಂಟು ಮುಟ್ಟಿದ. ಮೂವತ್ತೈದು ವರ್ಷ ಬಲೆ ಕಟ್ಟಿ ಬಿಚ್ಚಿದ ಕೈ. ಆ ಗಂಟನ್ನ ಮಗನಿಗೆ ಕಲಿಸಿದವನೂ ಅವನೇ. ಹಾಗೆ ತಿರುಗಿಸಿದ, ಹೀಗೆ ತಿರುಗಿಸಿದ.

"ತುಂಬಾ ಬಿಗಿದಿದ್ದಾನೆ," ಅಂದ. "ನನ್ನಿಂದ ಆಗೋದಿಲ್ಲ."

ಮಾದೇವಿ ಕತ್ತಿಯನ್ನ ಒಳಗೆ ತಗೊಂಡು ಹೋಗಿ ಮಾಡಿನ ಸೂರಿಗೆ ಸಿಕ್ಕಿಸಿ ಬಂದಳು. ಬಂದು ಗಂಡನ ಪಕ್ಕದಲ್ಲಿ ಕೂತಳು.

ಸೆಟ್ಟು ಗರಗರ ಅಂತು. ತಾಂಡೇಲನ ದನಿ. "ಈರಪ್ಪಣ್ಣಾ, ಎಲ್ಲಿದ್ದೀಯಾ? ಲಂಗರು ಎತ್ತೋಕಾಯ್ತು. ಓವರ್!"

ಜಟ್ಟು ಪೂರ್ತಿ ಕೇಳಿದ. ನಡುವೆ ಬಾಯಿ ಹಾಕಲಿಲ್ಲ. ಗುಂಡಿ ಒತ್ತಿದ, ಒತ್ತಿ ಹಿಡಿದುಕೊಂಡೇ ಹೇಳಿದ, "ಅಪ್ಪ ಇಲ್ಲೇ ಇದ್ದಾರೆ. ಕಟ್ಟಿದ್ದೇನೆ. ಅಮ್ಮ 'ಬಿಡು' ಅಂದ ಕೂಡಲೇ ಬಿಡ್ತೇನೆ. ಇನ್ನೂ ಅಂದಿಲ್ಲ. ಓವರ್!"